ದಪ್ಪ ಐದು ರೂಪಾಯಿ ವಿಂಗಡಣೆ ಮುಗಿಯಿತು, ಹತ್ತರದು ಬಾಕಿ

ದಾವಣಗೆರೆ ಮಂಡಿಪೇಟೆಯ ಗಲ್ಲಾಗಳಿಂದಲೂ ದೇವಸ್ಥಾನದ ಹುಂಡಿ ಚಿಲ್ಲರೆಯಿಂದಲೂ ಆರಿಸಿದ ದಪ್ಪ ಐದು ರೂಪಾಯಿಗಳಲ್ಲಿ ಟಂಕಸಾಲೆಯ (ನಾಣ್ಯ ಅಚ್ಚೊತ್ತುವ ಕಾರ್ಖಾನೆಯ) ದೋಷವಿರುವವನ್ನು ಸಂಗ್ರಹಕ್ಕೆ ಹುಡುಕುವ ಸರದಿ ಮುಗಿದಿದೆ. 1992ರಲ್ಲಿ ಬಂದ ತಾಮ್ರ-ನಿಕ್ಕಲ್ ನಾಣ್ಯ ಇದು: 23 ಮಿ.ಮೀ., 9 ಗ್ರಾಂ. ಮೊದಲ ಪರೀಕ್ಷೆ ಅಯಸ್ಕಾಂತದ್ದು. 2007ರ ಉಕ್ಕಿನ ಐದು ರೂಪಾಯಿ ಅಂಟುತ್ತದೆ, ದಪ್ಪನೆಯದು ಅಂಟುವುದಿಲ್ಲ. ಆಮೇಲೆ ಯಾವ ಟಂಕಸಾಲೆಯದೆಂದು ಹೇಳುವ, ಇಸವಿಯ ಕೆಳಗಿನ ಗುರುತು: ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಎರಡು ಬದಿಯ ಅಚ್ಚುಗಳಲ್ಲಿ ಒಂದು ತಿರುಗಿದ್ದನ್ನು ಪತ್ತೆಹಚ್ಚುವುದು ಸುಲಭ. ಸಿಂಹ ನೆಟ್ಟಗೆ ಕಾಣುವಂತೆ ಹಿಡಿದು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ‘5’ ಕೂಡ ನೆಟ್ಟಗಿರಬೇಕು. ಯಂತ್ರದಲ್ಲಿ ಅಚ್ಚು ಸಡಿಲಾದರೆ ಅದು ಓಲುತ್ತದೆ. ಹತ್ತು-ಹದಿನೈದು ಡಿಗ್ರಿ ಓಲಿದವನ್ನು ಚಿಲ್ಲರೆಗೇ ಹಿಂದಿರುಗಿಸಿದ್ದೇವೆ. 90 ದಾಟಿದವನ್ನು ಮಾತ್ರ ನಾಣ್ಯದ ಹೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದೇವೆ.

ಅಂಚು ಕಚ್ಚಿಹೋದ ನಾಣ್ಯಗಳಿಗೇ ಹೆಚ್ಚು ಸಮಯ ಹಿಡಿಯಿತು. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಪಂಚ್ ಬಿದ್ದರೆ ಅರ್ಧಚಂದ್ರದ ಕಚ್ಚು ಉಳಿಯುತ್ತದೆ. ಯಾರಾದರೂ ಅರ ಹಾಕಿ ಕಚ್ಚು ಮಾಡಿದರೂ ತೂಕ ಕಡಿಮೆಯಾಗುವುದರಿಂದ 0.01 ಗ್ರಾಂ ತಕ್ಕಡಿಯೊಂದನ್ನೇ ನಂಬುವಂತಿಲ್ಲ. ಕಚ್ಚಿನ ನೇರ ಎದುರಿನ ಅಂಚು ನೋಡಿ: ಟಂಕಸಾಲೆಯ ದೋಷವಾದರೆ ಅಲ್ಲಿ ಏಣು (ಅಂಚಿನ ಉಬ್ಬು) ಸರಿಯಾಗಿ ಎದ್ದಿರದೆ ಮಂಕಾಗಿರುವುದೇ ಹೆಚ್ಚು. ಕಚ್ಚಿನ ಹತ್ತಿರದ ಅಕ್ಷರಗಳೂ ಅತ್ತ ಜಾರಿದಂತೆ ಕಾಣುತ್ತವೆ. ಅರ ಹಾಕಿದ್ದರಲ್ಲಿ ಅಕ್ಷರ ಥಟ್ಟನೆ ತುಂಡಾಗಿರುತ್ತದೆ, ಗೀರುಗಳು ಒಂದೇ ದಿಕ್ಕಿಗೆ ಹೊಳೆಯುತ್ತವೆ.

ಜೋಡಿಯಾಗಿ ಮೂಡಿದ ಅಕ್ಷರಗಳಲ್ಲಿ ಬಹುಪಾಲು ಬೆಲೆಯಿಲ್ಲದವು. ಹತ್ತು ಪಟ್ಟು ಭೂತಗನ್ನಡಿಯಲ್ಲಿ ಎರಡನೆಯ ಅಕ್ಷರ ಚಪ್ಪಟೆ ಮೆಟ್ಟಿಲಿನಂತೆ ಕಂಡರೆ ಅದು ಒತ್ತುವಾಗ ಅಚ್ಚು ಅಲುಗಿದ್ದು, ಅಷ್ಟೇ. ಅಚ್ಚಿನಲ್ಲೇ ಜೋಡಿಯಾಗಿದ್ದರೆ ಎರಡಕ್ಕೂ ಉಬ್ಬಿರುತ್ತದೆ, ಅಕ್ಷರದ ತುದಿ ಸೀಳಿರುತ್ತದೆ.

ದೋಷ ಸಣ್ಣದಾದಷ್ಟೂ ಬೆಲೆ ಸ್ಥಿತಿಯ ಮೇಲೆ ನಿಲ್ಲುತ್ತದೆ. ಅಚ್ಚಿನ ಬಿರುಕಿನ ಗೆರೆ ಸವೆದ ನಾಣ್ಯದಲ್ಲಿದ್ದರೆ ಯಾರೂ ಕೇಳುವುದಿಲ್ಲ, ಚಲಾವಣೆಗೆ ಬಾರದ್ದರಲ್ಲಿ ಕೊಳ್ಳುವವರಿದ್ದಾರೆ. ಅರ್ಧ ಹೊರಗೆ ಬಿದ್ದ ಅಚ್ಚಿನ ನಾಣ್ಯ ಸವೆದಿದ್ದರೂ ಬೆಲೆ ಉಳಿಸಿಕೊಳ್ಳುತ್ತದೆ, ಇಸವಿ ಕಾಣುವಂತಿದ್ದರೆ ಇನ್ನೂ ಮೇಲು.

ಹುಂಡಿಯ ನಾಣ್ಯಗಳ ಕುಂಕುಮ ದೊಡ್ಡ ತಲೆನೋವು. ದಯವಿಟ್ಟು ಹುಣಸೆಹಣ್ಣು, ಸಬೀನಾ, ಟೂತ್‌ಪೇಸ್ಟ್ ಹಚ್ಚಬೇಡಿ. ನಾಣ್ಯವನ್ನು ವಾಲಿಸಿದಾಗ ಸುತ್ತುವ ಬೆಳಕಿನ ಹೊಳಪು ಲೋಹ ಹರಿದ ಸೂಕ್ಷ್ಮ ಗೆರೆಗಳಿಂದ ಬರುವುದು. ಉಜ್ಜಿದರೆ ಅವು ಹೋದವು, ಮತ್ತೆ ಬರುವುದಿಲ್ಲ. ಎಣ್ಣೆಜಿಡ್ಡಿಗೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್, ಐದು ನಿಮಿಷ, ಕಿಟಕಿ ತೆರೆದು, ಒಲೆಯಿಂದ ದೂರ. ಪ್ಲಾಸ್ಟಿಕ್ ಬಟ್ಟಲು ಕರಗಬಹುದು. ಆಮೇಲೆ ಡಿಸ್ಟಿಲ್ಡ್ ನೀರು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸುವುದು. ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಚೀಲಗಳನ್ನೆಲ್ಲ ತೆಗೆದಿದ್ದೇವೆ. ವರ್ಷಗಳಲ್ಲಿ ಅವು ಹಸಿರು ಜಿಗುಟು ಬಿಡುತ್ತವೆ.

ಮುಂದಿನ ಸರದಿ 27 ಮಿ.ಮೀ.ನ ಹತ್ತು ರೂಪಾಯಿ, ಬಳೆಯೊಳಗೆ ಬೇರೆ ಲೋಹದ ತುಂಡು ಕೂರಿಸಿದ ನಾಣ್ಯ. ನಡುವಿನ ತುಂಡಿಲ್ಲದ ಬಳೆ ಸಿಕ್ಕರೆ ತೂತಿನ ಒಳಗೋಡೆ ನೋಡಬೇಕು. ತುಂಡಿಲ್ಲದೆಯೇ ಅಚ್ಚೊತ್ತಿದ್ದರೆ ಲೋಹ ಒಳಕ್ಕೆ ಹರಿದು ತೂತು ಕಿರಿದಾಗಿರುತ್ತದೆ. ಸುತ್ತಿಗೆಯಿಂದ ತಟ್ಟಿ ತೆಗೆದಿದ್ದರೆ ಗೋಡೆಯಲ್ಲಿ ತುಂಡು ಕೂತಿದ್ದ ಗುರುತು ಉಳಿದಿರುತ್ತದೆ. ಅಂಥದ್ದಕ್ಕೆ ಹತ್ತು ರೂಪಾಯಿಯೂ ಹುಟ್ಟದು.