ಅರ್ಧ ಆಟೋ ಓಡುತ್ತದೆಯೇ?

ನಾಲ್ಕನೇ ತರಗತಿ, ಎಣಿಸಿದ್ದನ್ನು ನಕ್ಷೆಯಾಗಿ ಬರೆಯುವ ಪಾಠ, ಹಾಜರಿ 32. ಆವತ್ತಿನ ಪ್ರಶ್ನೆ ಒಂದೇ: ಶಾಲೆಗೆ ಹೇಗೆ ಬಂದಿರಿ? ಕೈ ಎತ್ತಿಸಿದರೆ ಕೆಲವರು ಎರಡು ಸಲ ಎತ್ತುತ್ತಾರೆ. ಅದಕ್ಕೇ ಒಬ್ಬೊಬ್ಬರಾಗಿ ಬಂದು ಬೋರ್ಡಿನ ಮೇಲೆ ಗೀಟು ಎಳೆದರು. ನಾಲ್ಕು ಉದ್ದಗೀಟು, ಐದನೆಯದು ಅಡ್ಡ. ನಡೆದವರು 14, ಬಸ್ಸು 8, ಸೈಕಲ್ 6, ಆಟೋ 4. ಕೂಡಿದರೆ 32. ಇದು ತಾಳೆಯಾಗದೆ ಮುಂದೆ ಹೋಗಬಾರದು.

ಮೊದಲು ಚಿತ್ರನಕ್ಷೆ, ಒಂದು ಚಿತ್ರಕ್ಕೆ ಇಬ್ಬರು. 14ಕ್ಕೆ 7 ಚಪ್ಪಲಿ, 8ಕ್ಕೆ 4 ಬಸ್ಸು. ಅಂಟಿಸಿ ನೋಡಿದರೆ ಬಸ್ಸಿನ ಸಾಲೇ ಉದ್ದ! ಬಸ್ಸು ದೊಡ್ಡದಲ್ಲವೇ, ದೊಡ್ಡದಾಗಿಯೇ ಬರೆದಿದ್ದರು. ತಪ್ಪು ಮಕ್ಕಳದಲ್ಲ, ಅಳತೆಯ ಚೀಟಿ ಕೊಡದವರದು. 3 ಸೆಂ.ಮೀ. ಚೌಕದ ಚೀಟಿ ಹಂಚಿದ ಮೇಲೆ ಸರಿಹೋಯಿತು.

ಅಷ್ಟರಲ್ಲಿ ಒಬ್ಬ ತಡವಾಗಿ ಬಂದ, ಆಟೋದಲ್ಲಿ. ಈಗ 5, ಎರಡೂವರೆ ಚಿತ್ರ. "ಅರ್ಧ ಆಟೋ ಹೇಗೆ ಓಡತ್ತೆ ಮಿಸ್?" ಚೀಟಿಯನ್ನು ನಡುವೆ ಮಡಿಸಿ ಕತ್ತರಿಸಿದರೆ ಕಾಣುತ್ತದೆ: ಅರ್ಧವಾದದ್ದು ಆಟೋ ಅಲ್ಲ, ಆ ಚೀಟಿಯ ಇಬ್ಬರಲ್ಲಿ ಉಳಿದದ್ದು ಒಬ್ಬ.

ನಿಜವಾದ ಎಡವಟ್ಟು ಓದುವಾಗ. ಬಸ್ಸಿನವರಿಗಿಂತ ನಡೆದವರು ಎಷ್ಟು ಜಾಸ್ತಿ ಎಂದರೆ ಮುಕ್ಕಾಲು ತರಗತಿ "ಮೂರು" ಎಂದಿತು. 7ರಲ್ಲಿ 4 ಕಳೆದಿದ್ದರು. ಎಣಿಸಿದ್ದು ಚಿತ್ರಗಳನ್ನು, ಮಕ್ಕಳನ್ನಲ್ಲ. ಉತ್ತರ 6. 'ಒಂದು ಚಿತ್ರ = 2 ಮಕ್ಕಳು' ಎಂಬುದನ್ನು ಮೂಲೆಯಲ್ಲಿ ಸಣ್ಣಗೆ ಬರೆದರೆ ಹೀಗೇ. ಶೀರ್ಷಿಕೆಯ ಕೆಳಗೇ ದಪ್ಪಗೆ ಬರೆದು, ಚಿತ್ರ ಮುಟ್ಟಿ ಮುಟ್ಟಿ "ಎರಡು, ನಾಲ್ಕು, ಆರು" ಎಂದು ಎಣಿಸಿದ ಮೇಲೆ ತಪ್ಪು ಕಡಿಮೆಯಾಯಿತು.

ಸ್ತಂಭಾಲೇಖ, ಅಂದರೆ ಕಂಬಗಳ ನಕ್ಷೆ, ಊಟದ ನಂತರ. 1 ಸೆಂ.ಮೀ. ಚೌಕದ ಹಾಳೆ, ಒಂದು ಚೌಕಕ್ಕೆ 2 ಮಕ್ಕಳು. ಬದಿಯಲ್ಲಿ ಬರೆಯುವ ಅಂಕಿ ಚೌಕದ ಗೆರೆಯ ಎದುರಿಗಿರಬೇಕು. ಚೌಕದ ನಡುವೆ ಬರೆದರೆ ಕಂಬದ ತುದಿ ಯಾವ ಅಂಕಿಗೆ ಸೇರಿತೆಂದೇ ತಿಳಿಯದು. ಒಂದು ಗುಂಪು 2, 4, 6 ಎಂದು ಏರಿಸುವ ಬದಲು ಸಿಕ್ಕ 5, 6, 8, 14ನ್ನೇ ಸಾಲಾಗಿ ಬರೆದಿತ್ತು. ಕಂಬಗಳು ಮೆಟ್ಟಿಲಿನಂತೆ ಅಂದವಾಗಿದ್ದವು, ಆದರೆ 5ರಿಂದ 6ಕ್ಕೂ 8ರಿಂದ 14ಕ್ಕೂ ಒಂದೇ ಎತ್ತರ!

ಕೊನೆಗೆ ಬೇಕೆಂದೇ ಬೋರ್ಡಿನಲ್ಲಿ 4ರಿಂದ ಶುರುವಾಗುವ ನಕ್ಷೆ ಬರೆದದ್ದಾಯಿತು. ಬಸ್ಸಿಗೆ 2 ಚೌಕ, ಸೈಕಲ್ಲಿಗೆ 1. "ಬಸ್ಸಿನವರು ಎರಡರಷ್ಟು" ಎಂದರು. ಕೆಳಗೆ ಸೊನ್ನೆಯವರೆಗೆ ಎರಡೆರಡು ಚೌಕ ಸೇರಿಸಿದಾಗ ಬಸ್ಸು 4, ಸೈಕಲ್ 3.