ಪಟ್ಟಿಯಲ್ಲಿ ನಾನು ಎಳೆದ ಒಂದು ಕಾಲಂ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಹಾಜರಿ, ಸಂಬಳದ ಲೆಕ್ಕ ನನ್ನದು. 2020ರಲ್ಲಿ ಲಾಕ್‌ಡೌನ್ ಮುಗಿದು ಬಾಗಿಲು ತೆಗೆದಾಗ ನಮ್ಮ ಆರ್ಡರ್ ಅರ್ಧಕ್ಕೆ ಇಳಿದಿತ್ತು. ‘ಒಂಬತ್ತು ಜನರನ್ನು ಬಿಡಿಸಬೇಕು, ಹೆಸರು ಬರ್ಕೊಡು’ ಅಂದರು ಮಾಲೀಕರು.

ರಾತ್ರಿ ಕೂತು ಬರೆದೆ. ಒಂಬತ್ತರಲ್ಲಿ ಏಳು ಹೆಣ್ಣುಮಕ್ಕಳು. ಅವರ ಹೆಸರಿನ ಪಕ್ಕ ಸ್ಕೇಲ್ ಇಟ್ಟು ಒಂದು ಕಾಲಂ ಎಳೆದಿದ್ದೆ: ‘ಗಂಡ ದುಡಿಯುತ್ತಾನಾ?’ ಗಂಡನ ದುಡಿಮೆ ಇರುವವರನ್ನು ಬಿಡಿಸಿದರೆ ಯಾರ ಮನೆಯ ಒಲೆಯೂ ಆರಲ್ಲ ಅಂತ ನಂಬಿದ್ದೆ. ಜಾಸ್ತಿ ಊಹೆಯ ಮೇಲೇ ತುಂಬಿದ್ದೆ.

ಮರುದಿನ, ಪ್ಯಾಂಟಿನ ದಾರ ಕತ್ತರಿಸುವ ಅಕ್ಕನನ್ನು ಹೋಗಿ ಕೇಳಿದೆ. ಬಟ್ಟೆಯ ಬಣ್ಣ ಹತ್ತಿ ಅವರ ಬೆರಳೆಲ್ಲ ನೀಲಿ. ಕತ್ತರಿ ಕೆಳಗಿಟ್ಟು ಅಂದರು: ‘ಗಂಡಸ್ರನ್ನೂ ಕೇಳೀಯೇನಪ್ಪಾ, ಹೆಂಡ್ತಿ ದುಡೀತಾಳೇನು ಅಂತ?’

ಕೇಳಿರಲಿಲ್ಲ. ಅವರ ಗಂಡನಿಗೆ ಮೂರು ತಿಂಗಳಿಂದ ಗಾರೆ ಕೆಲಸ ಇರಲಿಲ್ಲ.

ಸಂಜೆ ನಮ್ಮ ಲೇಬರ್ ಕಾಯ್ದೆ ಸಲಹೆಗಾರರಿಗೆ ಪಟ್ಟಿ ತೋರಿಸಿದೆ. ಅವರ ಬೆರಳು ಐದನೇ ಹೆಸರಿನ ಮೇಲೆ ನಿಂತಿತು. ಆಕೆ ಹೆರಿಗೆ ರಜೆಯಲ್ಲಿದ್ದಳು. ಆ ರಜೆಯಲ್ಲಿರುವವರನ್ನು ತೆಗೆಯುವುದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಪ್ರಕಾರ ತಪ್ಪು. ಇಎಸ್‌ಐ ಕಾಯ್ದೆಯಲ್ಲೂ ಇದೇ ನಿಯಮ. ಇನ್ನು ಜನರನ್ನು ಬಿಡಿಸಲೇಬೇಕಾದರೆ, ಒಂದೇ ತರಹದ ಕೆಲಸದವರಲ್ಲಿ ಕೊನೆಗೆ ಸೇರಿದವರು ಮೊದಲು. ಗಂಡಸು, ಹೆಂಗಸು ಅಂತ ಇಲ್ಲ. ‘ಆರ್ಡರ್ ಇಲ್ಲ ಅಂತ ಕಾನೂನು ರಜೆ ಹಾಕಲ್ಲ’ ಅಂದರು.

ಹಾಗಾದರೆ ಹೆಂಗಸರ ರೇಟ್ ಸ್ವಲ್ಪ ಇಳಿಸೋಣ ಅಂತ ಮಾಲೀಕರು ಕೇಳಿದರು. ಅದೂ ಆಗಲ್ಲ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರ ಸಮಾನ ವೇತನ ಕಾಯ್ದೆ ಹೇಳಿತ್ತು. ಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸುವ ಹಾಗೂ ಇಲ್ಲ. (2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಈ ನಿಯಮಗಳು ಅಲ್ಲೂ ಇವೆ.)

ಸೇರಿದ ತಾರೀಖು ನೋಡಿ ಹೊಸ ಪಟ್ಟಿ ಮಾಡಿದೆ. ಅದರಲ್ಲಿ ಆರು ಗಂಡಸರು, ಒಳ್ಳೇ ಟೈಲರ್‌ಗಳು. ಮಾಲೀಕರು ಎರಡು ಸಲ ಓದಿ, ‘ಯಾರನ್ನೂ ಬಿಡಿಸದೆ ನಡೆಸೋಕೆ ಆಗಲ್ವಾ?’ ಅಂದರು. ಏಳು ಹೆಣ್ಣುಮಕ್ಕಳ ಹೆಸರಿದ್ದ ಪಟ್ಟಿ ನೋಡಿದಾಗ ಅವರೂ ಈ ಮಾತು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕೆಲಸಗಾರರನ್ನು ಕೂರಿಸಿ ಮಾತಾಡಿದೆವು. ಐದು ತಿಂಗಳು ಎಲ್ಲರಿಗೂ ವಾರಕ್ಕೆ ನಾಲ್ಕು ದಿನ ಕೆಲಸ. ಐದನೇ ಹೆಸರಿನ ಹುಡುಗಿ ರಜೆ ಮುಗಿಸಿ ಅದೇ ಮಷೀನಿಗೆ ವಾಪಸ್ ಬಂದಳು.