ಬಿಸಿ ಹಾಲಿಗೆ ಹೆಪ್ಪು

ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಕರುಳಿನ ಕಾಯಿಲೆಯ ವಾರ್ಡು. ಆರೋಗ್ಯವಂತರ ಮಲವನ್ನು ರೋಗಿಯ ಹೊಟ್ಟೆಗೆ ಸೇರಿಸುವುದೂ ನಮ್ಮ ಕೆಲಸದಲ್ಲಿ ಒಂದು. ಊಟದ ಹೊತ್ತಲ್ಲಿ ಓದುತ್ತಿದ್ದರೆ ಕ್ಷಮಿಸಿ.

ಇದು ಮುಖ್ಯವಾಗಿ ಸಿ. ಡಿಫ್ ಅನ್ನುವ ಬ್ಯಾಕ್ಟೀರಿಯಾದ ಕಾಟಕ್ಕೆ. ಬೇರೆ ಯಾವುದೋ ಕಾಯಿಲೆಗೆ ಆಂಟಿಬಯಾಟಿಕ್ ತಗೊಂಡಿರುತ್ತಾರೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಖಾಲಿ ಜಾಗಕ್ಕೆ ಇದು ಬಂದು ಕೂರುತ್ತದೆ. ದಿನಕ್ಕೆ ಹತ್ತು ಹದಿನೈದು ಸಲ ಭೇದಿ. ವ್ಯಾಂಕೊಮೈಸಿನ್ ಅನ್ನುವ ಇನ್ನೊಂದು ಆಂಟಿಬಯಾಟಿಕ್ ಕೊಟ್ಟರೆ ನಿಲ್ಲುತ್ತದೆ, ಆದರೆ ಸಿ. ಡಿಫ್‌ನ ಬೀಜಕಗಳು ಸಾಯುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಿಗೆ ಮತ್ತೆ ಶುರು. 2013ರಲ್ಲಿ ನೆದರ್ಲೆಂಡ್ಸ್‌ನವರು ಹೀಗೆ ಮರುಕಳಿಸಿದ 16 ಜನರಿಗೆ ದಾನಿಯ ಮಲ ಕೊಟ್ಟರು. 13 ಜನ ಒಂದೇ ಸಲಕ್ಕೆ ಗುಣವಾದರು.

ಮಲವನ್ನು ಸಲೈನಿನಲ್ಲಿ ಕದಡಿ, ಸೋಸಿ, ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ದಾನಿ ಸಿಗುವುದೇ ಕಷ್ಟ. ರಕ್ತ, ಮಲ, ಪ್ರಯಾಣ, ಔಷಧಿ ಎಲ್ಲ ವಿಚಾರಿಸಿ, 100 ಜನ ಬಂದರೆ ಬೆರಳೆಣಿಕೆಯಷ್ಟು ಮಂದಿಯನ್ನು ಆರಿಸುತ್ತಾರೆ. ನಮಗೆ ಅದು ಸಿರಿಂಜಿನಲ್ಲಿ ಗಟ್ಟಿಯಾಗಿ ಬರುತ್ತದೆ. ಕರಗಿಸಿ, ಮೂಗಿನ ಟ್ಯೂಬಿನಲ್ಲಿ ನಿಧಾನವಾಗಿ ಬಿಡುತ್ತೇವೆ. ರುಚಿ ಗೊತ್ತಾಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಟ್ಯೂಬು ಗಂಟಲು ದಾಟಿ ಹೋಗಿರುತ್ತದೆ.

ನಾನು ಎಡವಿದ್ದು ಒಬ್ಬ ಅಜ್ಜಿಯ ವಿಷಯದಲ್ಲಿ. ವಯಸ್ಸು ಎಪ್ಪತ್ತು ದಾಟಿತ್ತು, ಮೂರನೇ ಸಲ ಮರುಕಳಿಸಿತ್ತು. ಬೆಳಿಗ್ಗೆಯೇ ಸಿರಿಂಜ್ ತೆಗೆದು ಕರಗಲು ಇಟ್ಟೆ. ಅಜ್ಜಿ ಬಂದರು, ಕೋಟು ಬಿಚ್ಚಿ ಕೂತರು.

"ಆಂಟಿಬಯಾಟಿಕ್ ನಿಲ್ಲಿಸಿದ್ದೀರಿ ಅಲ್ವಾ?"

"ಹೂಂ, ಯಾವಾಗಲೋ ನಿಲ್ಲಿಸಿದೆ. ಈಗ ಬರೀ ಹೊಟ್ಟೆ ಮಾತ್ರೆ. ಬೆಳಿಗ್ಗೆ ಒಂದು ತಗೊಂಡೆ."

ಬ್ಯಾಗಿನಿಂದ ಡಬ್ಬಿ ತೆಗೆದು ತೋರಿಸಿದರು. ವ್ಯಾಂಕೊಮೈಸಿನ್.

ಅವರ ಲೆಕ್ಕದಲ್ಲಿ ಆಂಟಿಬಯಾಟಿಕ್ ಅಂದರೆ ಕೆಮ್ಮಿಗೆ ಕೊಟ್ಟಿದ್ದು, ಈ ಗೋಳಿಗೆಲ್ಲ ಕಾರಣವಾದದ್ದು. ಇದು ಭೇದಿ ನಿಲ್ಲಿಸುವ ಮಾತ್ರೆ. ತಪ್ಪೇನಿಲ್ಲ ಬಿಡಿ, ಪತ್ರದಲ್ಲಿ ನಾವು ಬರೆದದ್ದೂ "ಆಂಟಿಬಯಾಟಿಕ್ ನಿಲ್ಲಿಸಿ" ಅಂತಷ್ಟೇ. ವ್ಯಾಂಕೊಮೈಸಿನ್ ನುಂಗಿದರೆ ರಕ್ತಕ್ಕೆ ಹೋಗುವುದು ತೀರಾ ಕಮ್ಮಿ, ಕರುಳಲ್ಲೇ ಇರುತ್ತದೆ. ಈಗ ಬಿಟ್ಟರೆ ದಾನಿಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಕೊನೇ ಮಾತ್ರೆಯಾಗಿ ಕನಿಷ್ಠ 24 ಗಂಟೆ ಬಿಡಬೇಕು. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಇಡುವಂತಿಲ್ಲ. ಸಿರಿಂಜನ್ನು ಕಸದ ಡಬ್ಬಿಗೆ ಹಾಕುವಾಗ ಕೈ ಬರಲಿಲ್ಲ.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಮೊದಲು ಥೂ ಅಂದರು. ಆಮೇಲೆ, "ಬಿಸಿ ಹಾಲಿಗೆ ಹೆಪ್ಪು ಹಾಕಿದ ಹಾಗಾಯ್ತು ಬಿಡು" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾವ ಡಾಕ್ಟರೂ ವಿವರಿಸಿಲ್ಲ.

ಮಾರನೇ ವಾರ ಅಜ್ಜಿಗೆ ಇನ್ನೊಂದು ಸಿರಿಂಜ್ ತರಿಸಿ ಕೊಟ್ಟೆವು. ಆರಾಮಾದರು.

ಊರಿನವರೂ ಕೇಳುತ್ತಾರೆ, ಹೊಟ್ಟೆ ಸರಿ ಇಲ್ಲ, ಮಾಡಿಸಬಹುದಾ ಅಂತ. ಸುಮ್ನೆ ಹೊಟ್ಟೆನೋವಿಗಲ್ಲ ಇದು. ಇಲ್ಲಿ 2022ರಿಂದ, ಸಿ. ಡಿಫ್ ಎರಡು ಅಥವಾ ಜಾಸ್ತಿ ಸಲ ಬಂದು ಹೋದವರಿಗೆ ಆಸ್ಪತ್ರೆಯ ತಜ್ಞರೇ ಬರೆದುಕೊಡುತ್ತಾರೆ. ಅಮೆರಿಕದಲ್ಲಿ ಎನಿಮಾ ರೂಪದ ರೆಬಯೋಟಾ, ನುಂಗುವ ಕ್ಯಾಪ್ಸೂಲ್ ವೌಸ್ಟ್ ಎರಡಕ್ಕೂ ಒಪ್ಪಿಗೆ ಸಿಕ್ಕಿದೆ. ಭಾರತದಲ್ಲಿ ದೆಹಲಿಯ ಏಮ್ಸ್, ಲೂಧಿಯಾನದ ದಯಾನಂದ ಮೆಡಿಕಲ್ ಕಾಲೇಜಿನವರು ಅಲ್ಸರೇಟಿವ್ ಕೊಲೈಟಿಸ್ ಅನ್ನುವ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಗೂ ಪ್ರಯೋಗ ಮಾಡಿದ್ದಾರೆ. ಗ್ಯಾಸ್ಟ್ರೋ ಡಾಕ್ಟರನ್ನು ಕೇಳಿ. ಯೂಟ್ಯೂಬ್ ನೋಡಿ ಮನೆಯ ಮಿಕ್ಸಿಯಲ್ಲಿ ಮಾತ್ರ ಮಾಡಬೇಡಿ. 2019ರಲ್ಲಿ ಅಮೆರಿಕದಲ್ಲಿ ಒಬ್ಬನೇ ದಾನಿಯ ಮಲದಿಂದ ಇಬ್ಬರಿಗೆ ಔಷಧಿಗೆ ಬಗ್ಗದ ಸೋಂಕು ತಗುಲಿ, ಒಬ್ಬರು ತೀರಿಕೊಂಡದ್ದು ವರದಿಯಾಯಿತು. ಡಾಕ್ಟರುಗಳ ಕೈಯಲ್ಲೇ ಹೀಗಾಗಿತ್ತು, ಮನೆಯ ಮಾತು ಬಿಡಿ.

ಈಗ ನಾನು ಎರಡು ದಿನ ಮೊದಲೇ ಫೋನ್ ಮಾಡುತ್ತೇನೆ. "ಆಂಟಿಬಯಾಟಿಕ್" ಅನ್ನುವ ಪದವನ್ನೇ ಬಳಸುವುದಿಲ್ಲ. ಮನೆಯಲ್ಲಿರುವ ಎಲ್ಲ ಡಬ್ಬಿ ಮೇಜಿನ ಮೇಲೆ ಇಟ್ಟುಕೊಳ್ಳಿ, ಒಂದೊಂದರ ಹೆಸರು ಓದಿ ಅನ್ನುತ್ತೇನೆ. ಮೊನ್ನೆ ಒಬ್ಬರು ಕನ್ನಡಕ ಹುಡುಕಿಕೊಂಡು ಬಂದು ಶುರು ಮಾಡಿದರು. ಬಿಪಿ ಮಾತ್ರೆ. ವಿಟಮಿನ್ ಡಿ. ಆಮೇಲೆ, "ವಿ, ಎ, ಎನ್, ಸಿ..."

ಸಿರಿಂಜ್ ಇನ್ನೂ ಫ್ರೀಜರಿನಲ್ಲೇ ಇತ್ತು.